ಕನ್ನಡಿಗೆ ಬೆನ್ನು ಹಾಕಿದ ಕುರ್ಚಿ

ಅಕ್ಕನ ಸಲೂನಿನಲ್ಲಿ ಹದಿನೆಂಟು ವರ್ಷ ಕತ್ತರಿ ಆಡಿಸಿದ ತಂಗಿಗೆ ಒಂದು ವಿಷಯ ಮಾತ್ರ ಬಗೆಹರಿದಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಹಿಗ್ಗಿ ಹೋದ ಗಿರಾಕಿ ಮಾರನೇ ದಿನ ಫೋಟೊ ಹಿಡಿದು ಬಂದು, "ಒಂದು ಕಡೆ ಜಾಸ್ತಿ ಕತ್ತರಿಸಿಬಿಟ್ಟಿದ್ದೀರಲ್ಲ" ಎಂದು ಮುಖ ಸಿಂಡರಿಸುವುದೇಕೆ? ಅಕ್ಕನಿಗೆ ಅಂಥ ತಲೆನೋವು ಇರಲಿಲ್ಲ. ಸಲೂನು ಅವಳದು, ಕೊನೆಯ ಮಾತೂ ಅವಳದೇ. ತನ್ನ ಕೂದಲಿಗೆ ಮಾತ್ರ ತಂಗಿಯ ಕೈಯೇ ಆಗಬೇಕು. ಫೋಟೊ ಅಂದರೆ ಆಗದು. "ನನ್ನ ಮುಖವೇ ಸೊಟ್ಟ ಕಣೇ" ಎನ್ನುತ್ತ, ಮನೆಮಂದಿಯ ಫೋಟೊಗಳಲ್ಲೆಲ್ಲ ಯಾರದಾದರೂ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು.

ಪತ್ರಿಕೆಯೊಂದರ ಫ್ಯಾಷನ್ ಪುಟಕ್ಕೆ ಚಿತ್ರ ತೆಗೆಯುವ ಫೋಟೊಗ್ರಾಫರ್ ರೂಪದರ್ಶಿಯರ ಕೂದಲು ಕಟ್ಟಲು ತಂಗಿಯನ್ನು ಕರೆದಾಗ, ಅಕ್ಕ ಕತ್ತರಿ ಕೆಳಗಿಡದೆಯೇ ಹೇಳಿದಳು: "ಒಂದೇ ಸಲ ಹೋಗಿ ಬಾ. ಅವರಿಗೆ ಒಪ್ಪಿಗೆ ಆದ್ರೆ ವಾರಕ್ಕೆರಡು ದಿನ ಅಲ್ಲಿ. ಆಗ್ಲಿಲ್ವಾ, ಕ್ಯಾಮೆರಾದ ಹುಚ್ಚು ಬಿಟ್ಟು ತೆಪ್ಪಗೆ ಇಲ್ಲೇ ನಿಲ್ಲು."

ತಂಗಿ ಹೂಂ ಎಂದಳು. ಆ ರಾತ್ರಿಯೇ ಬಾಚಣಿಗೆ, ಪಿನ್ನುಗಳನ್ನು ಚೀಲಕ್ಕೆ ತುಂಬಿಕೊಂಡಳು.

ಸ್ಟುಡಿಯೊದ ಮೇಕಪ್ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತ ರೂಪದರ್ಶಿಯ ಹಿಂದೆ ನಿಂತು, ಎಂದಿನಂತೆ ಕನ್ನಡಿ ನೋಡುತ್ತಲೇ ಕೂದಲು ಎತ್ತಿ ಕಟ್ಟಿದಳು. ಎಲ್ಲೂ ಬೊಟ್ಟು ಮಾಡುವಂತಿರಲಿಲ್ಲ. ದೀಪಗಳ ನಡುವೆ ನಾಲ್ಕು ಚಿತ್ರ ತೆಗೆದ ಫೋಟೊಗ್ರಾಫರ್ ಕಂಪ್ಯೂಟರ್ ಪರದೆಯತ್ತ ತಿರುಗಿ, "ಮೇಡಂ, ಒಂದು ಕಡೆ ವಾಲಿದೆ ನೋಡಿ" ಎಂದ.

ನಿಜಕ್ಕೂ ವಾಲಿತ್ತು. ತಂಗಿ ರೂಪದರ್ಶಿಯನ್ನು ಮತ್ತೆ ಕನ್ನಡಿಯ ಮುಂದೆ ಕೂರಿಸಿದಳು. ಅಲ್ಲಿ ನೆಟ್ಟಗೇ ಇತ್ತು. ಪರದೆಯಲ್ಲಿ ಸೊಟ್ಟ. ಇದೇನು ಗ್ರಹಚಾರವಪ್ಪಾ ಎಂದುಕೊಂಡು ಎರಡನ್ನೂ ಮತ್ತೆ ಮತ್ತೆ ನೋಡಿದಳು. ಕೆನ್ನೆಯ ಮಚ್ಚೆ ಕನ್ನಡಿಯಲ್ಲಿ ಈ ಕಡೆ, ಪರದೆಯಲ್ಲಿ ಆ ಕಡೆ. ಆಗ ಹೊಳೆಯಿತು. ಇಷ್ಟು ವರ್ಷ ತಾನು ಕತ್ತರಿಸಿದ್ದೆಲ್ಲ ಕನ್ನಡಿಯೊಳಗಿನ ಮುಖಗಳಿಗೆ. ಕಣ್ಣು ಆ ತಿರುವುಮುರುವಿಗೇ ಒಗ್ಗಿಹೋಗಿ, ಅಲ್ಲಿನ ಓರೆಯೂ ನೆಟ್ಟಗೆ ಕಾಣುತ್ತಿತ್ತು. ಗಿರಾಕಿಯ ಎದುರಿಗೆ ಬಂದು ನಿಂತು ನೋಡಿದ್ದೇ ಇಲ್ಲ.

"ಹತ್ತು ನಿಮಿಷ ಕೊಡಿ" ಎಂದವಳೇ ಕ್ಯಾಮೆರಾದ ಪಕ್ಕ ನಿಂತು ನೋಡುವುದು, ಓಡಿ ಹೋಗಿ ಒಂದು ಪಿನ್ನು ಬದಲಿಸುವುದು, ಮತ್ತೆ ಬಂದು ನೋಡುವುದು. ಸಂಜೆಗೆ ಫೋಟೊಗ್ರಾಫರ್, "ಮುಂದಿನ ವಾರ ಬರ್ತೀರಲ್ಲ?" ಎಂದು ಕೇಳಿದ.

ಮರುದಿನ ಸಲೂನು ತೆರೆಯುವ ಮೊದಲೇ ತಂಗಿ ಒಂದು ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿ ಅಕ್ಕನನ್ನು ಕೂರಿಸಿದಳು.

"ಇದೇನೇ ನಿನ್ನ ಹೊಸ ವರಸೆ? ಹೋದ ಕೆಲಸ ಏನಾಯ್ತು, ಅದನ್ನ ಹೇಳು."

"ಹೇಳ್ತೀನಿ. ಅಲ್ಲಾಡಬೇಡ."

ಎದುರಿಗೆ ಬಗ್ಗಿ ನಿಂತು ಬೈತಲೆ ಸ್ವಲ್ಪ ಸರಿಸಿ, ಒಂದು ಬದಿಯನ್ನು ಎರಡು ಬೆರಳಿನಷ್ಟು ಕತ್ತರಿಸಿದಳು. ಹಿಂದೆ ಸರಿದು ಫೋನು ಹಿಡಿದಾಗ ಅಕ್ಕನ ಕೈ ತಾನಾಗಿ ಮುಖಕ್ಕೆ ಅಡ್ಡ ಬಂತು.

"ಒಂದೇ ಸಲ, ಅಕ್ಕಾ."

ಫೋಟೊವನ್ನು ಅಕ್ಕ ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. "ಸೊಟ್ಟ ಇಲ್ವಲ್ಲೇ."

"ಮುಖ ಯಾವತ್ತೂ ಸೊಟ್ಟ ಇರ್ಲಿಲ್ಲ. ನಾನು ಕತ್ತರಿಸಿದ್ದೇ ಸೊಟ್ಟ. ನಿನ್ನೆ ಅಲ್ಲೇ ಗೊತ್ತಾಯ್ತು, ತಿದ್ದಿದ ಮೇಲೆ ಮುಂದಿನ ವಾರವೂ ಬಾ ಅಂದ್ರು" ಎಂದ ತಂಗಿಗೆ ಅಳು ಬಂತು.

ಅಕ್ಕ ಬೈಯಲಿಲ್ಲ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವಾರದ ಎರಡು ದಿನಗಳಿಗೆ ಗುರುತು ಹಾಕಿ ಬಂದಳು.

"ಇನ್ನೊಂದು ತೆಗಿ. ಈ ಸಲ ನೀನೂ ಬಾ, ನನ್ನ ಹಿಂದೆ ನಿಂತ್ಕೋ."