ಒಂದು ಸೈಜು ದೊಡ್ಡದು

ಬ್ಯಾಡಗಿಯಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟರ್ ಕಟ್ಟಿದ ಅಂದಾನೆಪ್ಪನಿಗೆ ಒಂದು ಚಾಳಿಯಿತ್ತು. ಏನೇ ಕೊಳ್ಳಲಿ, ಬೇಕಾದುದಕ್ಕಿಂತ ಒಂದು ಸೈಜು ದೊಡ್ಡದೇ ಆಗಬೇಕು. ಹಳ್ಳಿಯ ಕರೆಂಟನ್ನು ನಂಬಿ ಕೆಟ್ಟವರನ್ನು ಅವನು ಬಹಳ ಕಂಡಿದ್ದ. ಹೀಗಾಗಿ ಐದು ಎಚ್‌ಪಿ ಸಾಕೆಂದ ರೈತನಿಗೂ ಏಳೂವರೆಯದನ್ನೇ ಕೊಡಿಸುತ್ತಿದ್ದ. ಯಾರೂ ತಿರುಗಿ ಬಂದು ಬೈದಿರಲಿಲ್ಲ.

ಹಾಗಿರುವಾಗ ರಾಣೇಬೆನ್ನೂರಿನ ಎಲೆಕ್ಟ್ರಿಕಲ್ ಅಂಗಡಿಯ ನಂದಿತಾ ಹೇಳಿದ ಮಾತು ಅವನ ಕಿವಿಗೆ ಹೋದೀತೇ?

"ಕಾಕಾ, ನಿಮ್ಮ ಮೂರೂ ಎಲ್‌ಇಡಿ ಪಟ್ಟಿ ಮುನ್ನೂರು ಮಿಲಿಆಂಪಿನವು. ಏಳುನೂರರ ಡ್ರೈವರ್ ಬ್ಯಾಡ್ರಿ."

"ನೀ ಹುಟ್ಟೂಕಿಂತ ಮೊದಲಿಂದ ತಂತಿ ಸುತ್ತಾಕತ್ತೇನವಾ. ದೊಡ್ಡದ ಕೊಡು."

ಡ್ರೈವರ್ ಎಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ಒಗ್ಗುವಂತೆ ಮಾಡಿ ಕೊಡುವ ಪುಟ್ಟ ಡಬ್ಬಿ. ಅದು ಬೇಕಾಗಿದ್ದು ಹೆಂಡತಿ ಮುದುಕವ್ವನಿಗಾಗಿ. ಮೆಣಸಿನಕಾಯಿ ವ್ಯಾಪಾರಿ ಸುನೀಲಕುಮಾರನ ಶೆಡ್ಡಿನಲ್ಲಿ ಬಣ್ಣ ನೋಡಿ ಕಾಯಿ ಆರಿಸುವುದು ಅವಳ ಇಪ್ಪತ್ತೆರಡು ವರ್ಷದ ಕೆಲಸ. ಈಚೆಗೆ ಅವಳ ಕೆಂಪು ರಾಶಿಯಲ್ಲಿ ಬಣ್ಣಗೆಟ್ಟ ಕಾಯಿ ಸಿಗತೊಡಗಿದ್ದವು.

"ನಿನ್ನ ಕಣ್ಣು ಮೊದಲಿನಂಗಿಲ್ಲ ಯವ್ವಾ," ಎಂದಿದ್ದ ಸುನೀಲಕುಮಾರ. "ಸೋಮವಾರ ಒಂದು ಚೀಲ ಕೊಡತೇನಿ. ಅದರಾಗೂ ತಪ್ಪಿದ್ರ ತೊಟ್ಟು ಮುರಿಯೋರ ಸಾಲಿನಾಗ ಕುಂದ್ರು. ನಿನ್ನ ಜಾಗಾಕ್ಕ ಕರೆವ್ವ ಬರತಾಳ."

ಆ ದಿನ ಮುದುಕವ್ವ ಉಣ್ಣಲಿಲ್ಲ. ಕೂಲಿಯ ಮಾತಲ್ಲ ಅದು. ಬಣ್ಣದ ವಿಷಯ ಬಂದರೆ ಇಡೀ ಶೆಡ್ಡು ಕೇಳುತ್ತಿದ್ದುದು ಅವಳನ್ನೇ. ಅಂದಾನೆಪ್ಪ ತಾನೇ ದೀಪ ಮಾಡಿ ಅವಳ ಮೂಲೆಗೆ ಕಟ್ಟಲು ಹೊರಟದ್ದು ಅದಕ್ಕೇ.

ಶುಕ್ರವಾರ ಸಂಜೆ ದೀಪ ಹಚ್ಚಿದ. ಪಡಸಾಲೆಯೆಲ್ಲ ಹಗಲಾಯಿತು! ಅಂದಾನೆಪ್ಪ ಮೀಸೆ ತಿರುವಿದ. ಕಾಲು ತಾಸಿನಲ್ಲಿ ಸುಟ್ಟ ವಾಸನೆ ಬಂತು, ಮೂರೂ ಪಟ್ಟಿ ಒಟ್ಟಿಗೇ ಸತ್ತವು.

"ಆತು ಬಿಡ್ರಿ," ಎಂದಳು ಮುದುಕವ್ವ. "ತೊಟ್ಟ ಮುರದ್ರಾತು."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಜಂಬವನ್ನು ಮನೆಯಲ್ಲೇ ಬಿಟ್ಟು, ಅವಳನ್ನೂ ಕರೆದುಕೊಂಡು ರಾಣೇಬೆನ್ನೂರಿನ ಬಸ್ಸು ಹತ್ತಿದ.

ನಂದಿತಾ ನಗಲಿಲ್ಲ, ಅದು ಅವಳ ದೊಡ್ಡ ಗುಣ. "ಮೋಟರ್ ತನಗ ಬೇಕಾದಷ್ಟ ಎಳಕೋತದ ಕಾಕಾ. ಈ ಡ್ರೈವರ್ ಹಂಗಲ್ಲ. ತನ್ನ ಮ್ಯಾಲೆ ಎಷ್ಟು ಬರದಿರತದೋ ಅಷ್ಟೂ ನೂಕತದ. ಪಟ್ಟಿ ತಡೀತದೋ ಇಲ್ಲೋ, ಕೇಳೂದಿಲ್ಲ."

ಅಂದಾನೆಪ್ಪ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಅವಳು ಮೂರು ಹೊಸ ಪಟ್ಟಿಗಳ ವೋಲ್ಟೇಜು ಕೂಡಿಸಿ, ಅದಕ್ಕೆ ಹೊಂದುವ ಮುನ್ನೂರರ ಡ್ರೈವರ್ ಎರಡು ತೆಗೆದಳು. ಹಚ್ಚಿ ನೋಡಿದಾಗ ಎರಡರಲ್ಲೂ ಬೆಳಕು ಒಂದೇ ಎಂದು ಅಂದಾನೆಪ್ಪನಿಗೆ ಅನ್ನಿಸಿತು. ಅವನು ಸೋವಿಯದಕ್ಕೆ ಕೈಹಾಕಿದ. ಮುದುಕವ್ವ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮೆಣಸಿನಕಾಯಿ ಅದರ ಕೆಳಗೆ ಹರಡಿ ನೋಡಿದಳು.

"ಇದು ಬ್ಯಾಡ್ರಿ. ನಮ್ಮ ಶೆಡ್ಡಿನ ಲೈಟಿನಂಗ ಕಣ್ಣು ನೋಯಸತೈತಿ."

ನಂದಿತಾ ಮೊಬೈಲಿನ ಕ್ಯಾಮೆರಾ ಹಿಡಿದಳು. ಸೋವಿ ಡ್ರೈವರಿನ ಬೆಳಕು ಪರದೆಯ ಮೇಲೆ ಕಪ್ಪು ಗೆರೆ ಗೆರೆಯಾಗಿ ಕುಣಿಯಿತು. ಇನ್ನೊಂದರದು ಕದಲಲಿಲ್ಲ. "ಇದು ಕಣ್ಣಿಗೆ ಕಾಣದಂಗ ಮಿಣುಕತದ. ಕ್ಯಾಮೆರಾಕ್ಕಿಂತ ಮೊದಲ ನೀವ ಹಿಡದ್ರಿ, ಕಾಕು!" ಎಂದಳು.

ಸೋಮವಾರ ಮುದುಕವ್ವನ ಮೂಲೆಯಲ್ಲಿ ಕದಲದ ಹೊಸ ದೀಪ ಉರಿಯಿತು. ಅವಳು ಆರಿಸಿದ ರಾಶಿಯಲ್ಲಿ ಸುನೀಲಕುಮಾರ ಮೊಣಕೈವರೆಗೆ ಕೈಯಾಡಿಸಿದ. ಒಂದೂ ಕೆಟ್ಟ ಕಾಯಿ ಸಿಗಲಿಲ್ಲ. ಅತ್ತ ಮೂಲೆಯಲ್ಲಿ ಇಪ್ಪತ್ತೈದು ವರ್ಷದ ಕರೆವ್ವನೂ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಒಂದು ಚೀಲ ಆರಿಸಿದ್ದಳು. ತನ್ನ ಬುಟ್ಟಿಯನ್ನು ತಾನೇ ತಂದು ಹೊಸ ದೀಪದ ಕೆಳಗೆ ಸುರುವಿದಳು. ಕೆಂಪಿನ ನಡುನಡುವೆ ಮಾಸಿದ ಕಾಯಿ ಹತ್ತಾರು.

"ಅಯ್ಯ ಯಕ್ಕಾ, ನನಗ ಇವು ಕಂಡ ಇಲ್ಲ ನೋಡು!"

ಸುನೀಲಕುಮಾರ ತಲೆಯೆತ್ತಿ ತನ್ನ ಟ್ಯೂಬ್‌ಲೈಟನ್ನು ನೋಡಿದ. "ತಪ್ಪಾತವಾ," ಎಂದ ಸಣ್ಣ ದನಿಯಲ್ಲಿ.

ಬಾಗಿಲಲ್ಲಿ ನಿಂತಿದ್ದ ಅಂದಾನೆಪ್ಪನ ಕಣ್ಣು ತುಂಬಿ ಬಂದವು. ಇನ್ನೇನು ಮುದುಕವ್ವ ನಾಲ್ಕು ಮಾತು ಆಡಿ ತೀರಿಸಿಕೊಳ್ಳುತ್ತಾಳೆ ಎಂದು ಅವನು ಕಾದ. ಅವಳು ಕೂತ ಗೋಣಿತಟ್ಟನ್ನು ಒಂದಿಷ್ಟು ಬದಿಗೆ ಎಳೆದುಕೊಂಡಳು.

"ಬಾ ಕರೆವ್ವ, ಇಲ್ಲೇ ಕುಂದ್ರು. ಇಬ್ಬರಿಗೂ ಸಾಕಾಗತೈತಿ."