ಅವ್ವ ಆರಿಸಿದ ರಿಸ್ಟ್ ಗಾರ್ಡ್

ಹದಿನಾರು ಗ್ರಾಮದ ರಾಹುಲ್ ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅವನ ಶಿಫ್ಟ್ ಮುಗಿಯೋ ಹೊತ್ತಿಗೆ ಊರೊಳಗೆ ಹೋಗುವ ಬಸ್ಸು ಹೊರಟುಹೋಗಿರುತ್ತೆ. ಸಿಕ್ಕಿದ ಬಸ್ ಹತ್ತಿ ಮೇನ್ ರೋಡಲ್ಲಿ ಇಳಿದರೆ ಅಲ್ಲಿಂದ ಮನೆಗೆ ನಡಿಗೆಯೇ ಗತಿ. ಒಬ್ಬರಿಗೋಸ್ಕರ ಆಟೋದವರು ಬರಲ್ಲ. ಮನೆಯಲ್ಲಿರುವ ಬೈಕು ಅಪ್ಪ ಮಹದೇವಯ್ಯನವರಿಗೆ ಬೇಕು, ಡೈರಿಗೆ ಹಾಲು ಹಾಕೋಕೆ, ಗದ್ದೆ ಕಡೆ ಹೋಗೋಕೆ. ನಮ್ಮ ಕಡೆ ಎಷ್ಟೋ ಮನೆಗಳ ಪಾಡು ಇದೇ. ನಿಮಗೂ ಗೊತ್ತಿರುತ್ತೆ.

ಹಾಗಾಗಿ ರಾಹುಲ್ ಮೈಸೂರಿನಲ್ಲಿ ಯಾರ ಹತ್ತಿರವೋ ಹಳೆಯದೊಂದು ಒಂಟಿ ಚಕ್ರದ ಎಲೆಕ್ಟ್ರಿಕ್ ಗಾಡಿ ತಗೊಂಡು ಬಂದ. ನೋಡದೇ ಇದ್ದವರಿಗೆ ಹೇಳ್ತೀನಿ. ಅದಕ್ಕೆ ಇರೋದು ಒಂದೇ ಚಕ್ರ. ಚಕ್ರದ ಎರಡೂ ಪಕ್ಕ ಕಾಲಿಡೋಕೆ ಮಡಚುವ ಪಟ್ಟಿ. ಅದರ ಮೇಲೆ ನಿಂತು ಮುಂದಕ್ಕೆ ವಾಲಿದರೆ ಓಡುತ್ತೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತೆ. ಹ್ಯಾಂಡಲ್ ಇಲ್ಲ, ಸೀಟಿಲ್ಲ. ಸೂಟ್‌ಕೇಸಿನ ಹಾಗೆ ಹಿಡಿದುಕೊಂಡು ಬಸ್ ಹತ್ತಬಹುದು.

ಅಂಗಳದಲ್ಲಿ ಅದನ್ನು ನೋಡಿದ ಮಹದೇವಯ್ಯ, "ಏನ್ಲಾ ಇದು, ಸರ್ಕಸ್ ಗಾಡಿ ತಂದಿದ್ದೀಯ?" ಅಂದರು.

"ಎಲ್ಮೆಟ್ ಹಾಕ್ಕೊಂಡೇ ಓಡಿಸ್ತೀನಿ ಕಣಪ್ಪ. ಮೇನ್ ರೋಡಿಗೆ ಇಳ್ಸಲ್ಲ. ಊರಿನ ದಾರೀಲಿ ಮಾತ್ರ."

ಪಕ್ಕದಲ್ಲಿ ನಿಂತಿದ್ದ ಅವ್ವ ಮಂಗಳಮ್ಮ ಕೈಯಾಡಿಸಿ ಏನೋ ಕೇಳಿದರು. ರಾಹುಲ್ ನಗುತ್ತಾ ಕೈಯಲ್ಲೇ ಉತ್ತರ ಕೊಟ್ಟ. ಮಂಗಳಮ್ಮನವರಿಗೆ ಕಿವಿ ಕೇಳಿಸಲ್ಲ, ಬಾಯಲ್ಲಿ ಮಾತು ಬರಲ್ಲ. ತೀರ ಚಿಕ್ಕವರಿದ್ದಾಗ ಬಂದ ಒಂದು ಜ್ವರ ಎರಡನ್ನೂ ಕಿತ್ತುಕೊಂಡಿತ್ತು. ಮಕ್ಕಳಾದ ಮೇಲೆ ಅವರೇ ಮಕ್ಕಳಿಗೆ ತಮ್ಮ ಸನ್ನೆಗಳನ್ನು ಕಲಿಸಿದರು. ರಾಹುಲ್‌ಗೂ ಅವನ ಅಕ್ಕ ಇಂದ್ರಾಣಿಗೂ ಮೊದಲು ಬಂದಿದ್ದು ಕೈಮಾತು, ಆಮೇಲೆ ಬಾಯಿಮಾತು. ಇಂದ್ರಾಣಿ ಮದುವೆಯಾಗಿ ಟಿ. ನರಸೀಪುರಕ್ಕೆ ಹೋದಳು. ಅಲ್ಲಿಂದ ಈಚೆಗೆ ಅವ್ವನ ಜೊತೆ ಮನಸ್ಸು ಬಿಚ್ಚಿ ಮಾತಾಡೋಕೆ ಉಳಿದವನು ರಾಹುಲ್ ಒಬ್ಬನೇ. ಮಹದೇವಯ್ಯನವರಿಗೆ ಊಟ, ನೀರು, ಬಾ, ಹೋಗು, ಹಸು, ಇಂಥ ಬಳಕೆಯ ಸನ್ನೆಗಳಷ್ಟೇ ಗೊತ್ತಿದ್ದವು. ಅದಕ್ಕಿಂತ ಹೆಚ್ಚಿಗೆ ಏನಾದರೂ ಇದ್ದರೆ, "ನಿಮ್ಮವ್ವ ಏನಂತಾಳೆ ಕೇಳ್ಲಾ" ಅಂತ ಮಗನನ್ನು ಕರೆಯುತ್ತಿದ್ದರು.

ಗಾಡಿ ರಾಹುಲ್‌ಗೆ ಬೇಗ ಒಗ್ಗಿತು. ಮೇನ್ ರೋಡಲ್ಲಿ ಇಳಿದು, ಹೆಲ್ಮೆಟ್ ಹಾಕಿಕೊಂಡು, ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಬೆಳಕಿರುವಾಗಲೇ ಮನೆ ಸೇರುತ್ತಿದ್ದ. ಕೈಗೆ ಮಾತ್ರ ಏನೂ ಹಾಕುತ್ತಿರಲಿಲ್ಲ. ಹಾಕಬೇಕು ಅಂತ ಅವನಿಗೆ ಹೊಳೆದೂ ಇರಲಿಲ್ಲ.

ರಾಗಿ ಒಕ್ಕಣೆ ಕಾಲ ಬಂತು. ದಾರಿಯ ತಿರುವಿನಲ್ಲಿ ಶಿವನಂಜಮ್ಮ ಅನ್ನೋರು ರಾಗಿ ತೆನೆ ಹರಡಿದ್ದರು. ಬರೋ ಹೋಗೋ ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಅಂತ. ಎಲ್ಲ ಗಾಡಿಯವರೂ ಅದರ ಮೇಲೆ ಹೋಗುತ್ತಾರಲ್ಲ ಅಂದುಕೊಂಡು ರಾಹುಲ್ ಕೂಡ ಹೋದ. ಹುಲ್ಲಿನ ಮೇಲೆ ಚಕ್ರ ಜಾರಿತು. ಗಾಡಿ ಒಂದು ಕಡೆ, ಅವನು ಒಂದು ಕಡೆ. ಬೀಳುವಾಗ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ಬಲಗೈ ಹುಲ್ಲು ದಾಟಿ ಡಾಂಬರಿಗೆ ಊರಿತು. ಮೈ ಭಾರವೆಲ್ಲ ಅದರ ಮೇಲೆ ಬಿತ್ತು.

ಶಿವನಂಜಮ್ಮ ಮೊರ ಬಿಟ್ಟು ಓಡಿಬಂದರು. ತಲೆಗೆ ಏನೂ ಆಗಿರಲಿಲ್ಲ. ಆದರೆ ಬಲಗೈ ಮಣಿಕಟ್ಟಿನ ಹತ್ತಿರ ವಕ್ರವಾಗಿತ್ತು. "ಎಣ್ಣೆ ಹಾಕಿ ನೀವಿದ್ರೆ ಸರಿಹೋಗುತ್ತೆ ಕಣ ಮಗ" ಅಂತ ಅವರು ಕೈ ಹಿಡಿಯೋಕೆ ಬಂದರು. ಅಷ್ಟರಲ್ಲಿ ಬೈಕಲ್ಲಿ ಬಂದ ಮಹದೇವಯ್ಯ ಮಗನ ಮುಖ ನೋಡಿ, "ಬ್ಯಾಡ ಕಣವ್ವ, ಮುಟ್ಬೇಡ. ಆಸ್ಪತ್ರೆಗೇ ಓಯ್ತೀವಿ" ಅಂದರು. ನಂಜನಗೂಡಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿತ್ತು. ಮೂಳೆ ಕೂರಿಸಿ, ಬೆರಳ ಬುಡದಿಂದ ಮೊಣಕೈ ಹತ್ತಿರದವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಮನೆ ಬಾಗಿಲಲ್ಲೇ ಮಂಗಳಮ್ಮ ಕಾಯುತ್ತಿದ್ದರು. ಪ್ಲಾಸ್ಟರ್ ನೋಡಿದವರೇ, ಹೇಗಾಯ್ತು, ಎಲ್ಲಿ ಬಿದ್ದೆ, ಅಂತ ಒಂದೇ ಸಮ ಕೇಳಿದರು. ರಾಹುಲ್ ಎಡಗೈಯಲ್ಲಿ ಹೇಳಲು ಹೋದ. ಎರಡು ಕೈಯಲ್ಲಿ ಆಡುವ ಮಾತು ಒಂದು ಕೈಯಲ್ಲಿ ಅರ್ಧಕ್ಕೇ ನಿಂತಿತು. ಅಭ್ಯಾಸಬಲದಿಂದ ಬಲಗೈ ಎತ್ತಿದ. ನೋವಿಗೆ ಮುಖ ಕಿವುಚಿಕೊಂಡಿತು. ಮಂಗಳಮ್ಮ ತಕ್ಷಣ ಅವನ ಎಡಗೈಯನ್ನೂ ಹಿಡಿದು ಕೆಳಗಿಳಿಸಿದರು. ಬೇಡ ಅಂತ ತಲೆಯಾಡಿಸಿದರು.

ಅವತ್ತಿನಿಂದ ಅವರು ಮಗನನ್ನು ಏನೂ ಕೇಳಲಿಲ್ಲ. ಕೇಳಿದರೆ ಅವನು ಹೇಳೋಕೆ ಹೋಗ್ತಾನೆ, ಹೇಳೋಕೆ ಹೋದರೆ ನೋಯುತ್ತೆ. ಮುದ್ದೆ ಮುರಿದು ಸಾರಲ್ಲಿ ಅದ್ದಿ ತಾವೇ ತಿನ್ನಿಸುತ್ತಿದ್ದರು. ಮೊದಮೊದಲು ತಮ್ಮ ಸುದ್ದಿಯನ್ನಾದರೂ ಹೇಳುತ್ತಿದ್ದರು. ಹಸು ಒದ್ದಿದ್ದು, ಟಿವಿಯಲ್ಲಿ ಕಂಡ ಜಗಳ. ರಾಹುಲ್ ಸುಮ್ಮನೆ ತಲೆಯಾಡಿಸುತ್ತಿದ್ದ. ಆಮೇಲಾಮೇಲೆ ಅದೂ ನಿಂತಿತು. ಕೆಲಸವಿಲ್ಲದಾಗ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದರು.

ಒಂದು ದಿನ ಮಹದೇವಯ್ಯ ಮಗನ ಪಕ್ಕ ಕೂತು ಕೇಳಿದರು. "ಯಾಕ್ಲಾ, ನಿಮ್ಮವ್ವ ಮಾತೇ ಆಡ್ತಿಲ್ವಲ್ಲ?"

ಕೇಳಿದ ಮೇಲೆ ಅವರಿಗೇ ಏನೋ ಅನ್ನಿಸಿತು. ಬಾಯಲ್ಲಿ ಒಂದು ಮಾತೂ ಆಡದ ಹೆಂಡತಿ ಜೊತೆ ಅಷ್ಟು ಕಾಲ ಬಾಳಿದ್ದರು. ಮನೆ ಹೀಗೆ ಸದ್ದಡಗಿದ್ದು ಅದೇ ಮೊದಲು.

ಪ್ಲಾಸ್ಟರ್ ಬಿಚ್ಚಿದ ವಾರ ಇಂದ್ರಾಣಿ ಬಂದಳು. ಅವಳು ನರಸೀಪುರದಲ್ಲಿ ಫಿಸಿಯೋಥೆರಪಿಸ್ಟ್. ಬಿದ್ದು ಎದ್ದವರ ಕೈಕಾಲಿಗೆ ಮತ್ತೆ ಕಸುವು ಬರಿಸೋದೇ ಅವಳ ಕೆಲಸ. ತಮ್ಮನ ಕೈ ಸೊರಗಿತ್ತು, ಮಣಿಕಟ್ಟು ಬಾಗುತ್ತಿರಲಿಲ್ಲ. ದಿನಾ ಬಿಸಿನೀರಲ್ಲಿ ಇಡಿಸಿ, ಮೆಲ್ಲಗೆ ಬಾಗಿಸಿ, ಮಡಚಿ ಅಭ್ಯಾಸ ಮಾಡಿಸಿದಳು.

"ಆ ಗಾಡೀನ ಮಾರಾಕು ಅಂತ ಏಳವ್ವ ಇವ್ನಿಗೆ" ಅಂದರು ಮಹದೇವಯ್ಯ, ಮಗಳ ಕಡೆ ತಿರುಗಿ.

"ಮಾರೋದೋ ಬಿಡೋದೋ ಅವ್ನೇ ನೋಡ್ಕೋತಾನೆ, ಅಪ್ಪ. ಓಡಿಸ್ತೀನಿ ಅಂದ್ರೆ ಬೀಳೋದಕ್ಕೂ ತಯಾರಾಗಿರ್ಬೇಕು. ಅದು ನನ್ನ ಮಾತು."

"ಎಲ್ಮೆಟ್ ಅದೆಯಲ್ಲ. ಇನ್ನೇನ್ ಬೇಕು?"

"ಎಲ್ಮೆಟ್ ತಲೆ ಕಾಯ್ತು. ಬಿದ್ದಾಗ ನೆಲಕ್ಕೆ ಮೊದ್ಲು ತಾಗಿದ್ದು ಯಾವ್ದು? ಕೈ ತಾನೆ? ಬೈಕಲ್ಲಾದ್ರೆ ಹಿಡ್ಕೊಳೋಕೆ ಹ್ಯಾಂಡಲ್ ಇರುತ್ತೆ. ಈ ಗಾಡೀಲಿ ಕೈ ಖಾಲಿ. ಮುಗ್ಗರಿಸಿದ್ರೆ ಸೀದಾ ಮುಂದಕ್ಕೆ ಬರುತ್ತೆ."

ಅದೇ ಹೊತ್ತಿಗೆ ರಾಹುಲ್ ಜೊತೆ ಕೆಲಸ ಮಾಡುವ ಸಿದ್ದರಾಜು ನೋಡಿಕೊಂಡು ಹೋಗೋಕೆ ಬಂದ. ಗೆಳೆಯನಿಗೆ ಅಂತ ಬಟ್ಟೆಯ ಕೈಪಟ್ಟಿ ತಂದಿದ್ದ. ಎಳೆದರೆ ಹಿಗ್ಗುವಂಥದ್ದು.

"ಇದನ್ನ ಹಾಕ್ಕೊಂಡ್ ಓಡ್ಸು ಗುರು, ಏನೂ ಆಗಲ್ಲ" ಅಂದ.

ಇಂದ್ರಾಣಿ ಅದನ್ನು ತಗೊಂಡು ತಿರುಗಿಸಿ ನೋಡಿದಳು. "ಉಳುಕಿದ ಕೈಗೆ ಕಟ್ಟೋಕೆ ಇದು ಸರಿ, ಸಿದ್ದರಾಜು. ಬೀಳೋ ಕೈನ ಇದು ಕಾಯಲ್ಲ." ಪಟ್ಟಿಯನ್ನು ತನ್ನ ಅಂಗೈಗೇ ಸುತ್ತಿಕೊಂಡು ಜಗಲಿಯ ಸಿಮೆಂಟಿನ ಮೇಲೆ ಒತ್ತಿ ಮುಂದೆ ತಳ್ಳಿದಳು. ಬಟ್ಟೆ ಕಚ್ಚಿಕೊಂಡು ಅಲ್ಲೇ ನಿಂತಿತು, ಕೈ ಹಿಂದಕ್ಕೆ ಮಡಚಿತು. ಆಮೇಲೆ ಅಡುಗೆಮನೆಯಿಂದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತಂದು ಅಂಗೈ ಕೆಳಗೆ ಇಟ್ಟು ತಳ್ಳಿದಳು. ಸರ್ರನೆ ಜಾರಿತು.

"ನೋಡಿ. ಅಂಗೈ ನೆಲಕ್ಕೆ ಕಚ್ಕೊಂಡ್ರೆ ಪೆಟ್ಟೆಲ್ಲ ಮಣಿಕಟ್ಟಿಗೆ. ಜಾರಿದ್ರೆ ಅರ್ಧ ಪೆಟ್ಟು ನೆಲದ ಮೇಲೇ ಹರಿದು ಹೋಗುತ್ತೆ. ಅದ್ಕೇ ಮಣಿಕಟ್ಟು ಕಾಯೋ ರಿಸ್ಟ್ ಗಾರ್ಡಲ್ಲಿ ಅಂಗೈ ಕಡೆ ನುಣುಪಾದ ಗಟ್ಟಿ ಪ್ಲೇಟ್ ಇರ್ಬೇಕು. ಕೈ ಹಿಂದಕ್ಕೆ ಪೂರ್ತಿ ಮಡಚದಂಗೆ ಮೇಲುಗಡೇನೂ ಒಂದು ಗಟ್ಟಿ ಪಟ್ಟಿ ಇರ್ಬೇಕು."

ಸಿದ್ದರಾಜು ಕೈಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. "ಅಂಗಾರೆ ನನಗೂ ಒಂದು ಜೊತೆ ಬೇಕು, ಅಕ್ಕ" ಅಂದ. ಅವನೂ ಅಂಥದೇ ಗಾಡಿ ಓಡಿಸುತ್ತಿದ್ದ.

ಮುಂದಿನ ಭಾನುವಾರ ಅಕ್ಕ, ತಮ್ಮ ಗಾರ್ಡ್ ಕೊಳ್ಳೋಕೆ ಮೈಸೂರಿಗೆ ಹೊರಟರು. ಮಂಗಳಮ್ಮ ತಾವೂ ಬರ್ತೀನಿ ಅಂತ ಸೀರೆ ಬದಲಾಯಿಸಿ ನಿಂತರು. ಮಹದೇವಯ್ಯ ಮಾತ್ರ, "ಕೈ ಕಟ್ಟಾಕ್ಕೊಂಡು ಗಾಡಿ ಓಡ್ಸೋರ್ನ ನಾನು ಕಂಡಿಲ್ಲ. ನೀವೇ ಓಗಿ ಬನ್ನಿ" ಅಂದುಬಿಟ್ಟರು.

ಅಂಗಡಿಯವನು ಮೊದಲು ತೋರಿಸಿದ ಜೊತೆ ನೋಡೋಕೆ ಭಾರಿ ಚೆನ್ನಾಗಿತ್ತು. ಕಪ್ಪು ಬಣ್ಣ, ಬೆರಳ ಗೆಣ್ಣಿನವರೆಗೂ ಗಟ್ಟಿ ಹೊದಿಕೆ. ರಾಹುಲ್‌ಗೆ ಅದರ ಮೇಲೇ ಕಣ್ಣು. ಹಾಕಿಕೊಂಡು ಅವ್ವನ ಕಡೆ ತಿರುಗಿ, ಸರಿಯಾಗಿ ಮಡಚದ ಬೆರಳಲ್ಲೇ ಹೇಗಿದೆ ಅಂತ ಸನ್ನೆ ಮಾಡಿದ. ಮಂಗಳಮ್ಮ ಹುಬ್ಬು ಗಂಟಿಕ್ಕಿದರು. ಇನ್ನೊಂದು ಸಲ ಮಾಡಿದ. ಅರ್ಥವಾಗಲಿಲ್ಲ ಅಂತ ತಲೆಯಾಡಿಸಿದರು.

"ಬಿಚ್ಚು" ಅಂದಳು ಇಂದ್ರಾಣಿ. "ಅವ್ವನ ಜೊತೆ ಮಾತಾಡೋಕಾಗದ ಗಾರ್ಡ್ ನೀನು ದಾರೀಲೇ ಬಿಚ್ಚಾಕ್ತೀಯ. ಫೋನ್ ಎತ್ತೋಕೂ ಬಿಚ್ಬೇಕು, ಬ್ಯಾಗ್ ತೆಗ್ಯೋಕೂ ಬಿಚ್ಬೇಕು. ಬ್ಯಾಗಲ್ಲಿರೋ ಗಾರ್ಡ್ ಯಾರ ಕೈನೂ ಕಾಯಲ್ಲ."

ಇನ್ನೊಂದರಲ್ಲಿ ಬೆರಳು ಪೂರ್ತಿ ಆಚೆ ಇದ್ದವು. ಆದರೆ ಮಣಿಕಟ್ಟು ದಾಟುತ್ತಿದ್ದ ಹಾಗೇ ಅದರ ಪ್ಲೇಟು ಮುಗಿಯುತ್ತಿತ್ತು. ಇಂದ್ರಾಣಿ ಆ ಅಂಚನ್ನು ಒತ್ತಿ ತೋರಿಸಿದಳು. "ಇಷ್ಟು ಗಿಡ್ಡ ಆದ್ರೆ ಬಿದ್ದಾಗ ಈ ಅಂಚು ಮುಂಗೈ ಮೂಳೆಗೇ ಒತ್ತುತ್ತೆ. ಮುಂಗೈ ಮೇಲೆ ಚೆನ್ನಾಗಿ ಉದ್ದಕ್ಕೆ ಬರೋದು ನೋಡೋಣ." ಉದ್ದ ಇದ್ದದ್ದು ಸಿಕ್ಕಾಗ ಸೈಜು ದೊಡ್ಡದಾಯಿತು. ಪಟ್ಟಿ ಬಿಗಿದರೂ ಕೈಯಲ್ಲಿ ಬಳೆ ಹಾಗೆ ತಿರುಗುತ್ತಿತ್ತು. ಅಂಗಡಿಯವನು, "ಮುಂದೆ ಸರಿಹೋಗುತ್ತೆ ತಗೊಳ್ಳಿ ಮೇಡಂ" ಅಂದ. ಅವಳು ಒಪ್ಪಲಿಲ್ಲ. ಟೇಪ್ ಕೇಳಿ ತಮ್ಮನ ಅಂಗೈ ಸುತ್ತಳತೆ ತೆಗೆದು, ಅದೇ ಮಾದರಿಯಲ್ಲಿ ಚಿಕ್ಕ ಸೈಜು ತರಿಸಿದಳು.

ಅದು ಕೂತಿತು. ಅಂಗೈಗೆ ಪ್ಲೇಟು, ಮೇಲುಗಡೆ ಗಟ್ಟಿ ಪಟ್ಟಿ, ಮುಂಗೈಯವರೆಗೆ ಬಿಗಿಯುವ ಬೆಲ್ಟು. ಇಂದ್ರಾಣಿ ಅವನ ಬೆರಳ ತುದಿ ಒತ್ತಿ, ಉಗುರಿಗೆ ರಕ್ತ ಸರಿಯಾಗಿ ತಿರುಗಿ ಬರುತ್ತಾ ಅಂತ ನೋಡಿದಳು. ಜುಮ್ ಅನ್ನುತ್ತಾ ಅಂತ ಕೇಳಿದಳು. ಇಲ್ಲ ಅಂದ.

ಆಮೇಲೆ ಅವನು ಅವ್ವನ ಕಡೆ ತಿರುಗಿದ. ಹೇಗಿದೆ ಅಂತ ಕೇಳಲಿಲ್ಲ. ಬಿದ್ದ ದಿನ ಹೇಳಲಾಗದೆ ಉಳಿದಿದ್ದನ್ನು ಹೇಳಿದ. ರಾಗಿ ಹುಲ್ಲು, ಜಾರಿದ್ದು, ಕೈ ವಕ್ರವಾಗಿ ಕಂಡದ್ದು. ನೋವಿಗಿಂತ, ಇನ್ನು ನಿನ್ನ ಜೊತೆ ಹೇಗೆ ಮಾತಾಡೋದು ಅಂತಲೇ ಹೆದರಿಕೆ ಆಯಿತು ಅಂದ. ಮಣಿಕಟ್ಟು ಮೊದಲಿನಷ್ಟು ಬಾಗುತ್ತಿರಲಿಲ್ಲ, ಆದರೂ ಬೆರಳುಗಳು ಎಲ್ಲವನ್ನೂ ಹೇಳಿದವು.

ಮಂಗಳಮ್ಮ ಕಣ್ಣು ಕೀಳದೆ ನೋಡಿದರು. ಆಮೇಲೆ ಅವರ ಕೈ ಎದ್ದಿತು. ಕೈ ನಿಂದು, ಮಾತು ನನಗೂ ಸೇರಿದ್ದು, ಜೋಪಾನ ಮಾಡು ಅಂದರು. ಅಂಗಡಿಯವನಿಗೆ ಆ ಜೊತೆಯನ್ನು ತೋರಿಸಿ, ಇದೇ ಇರಲಿ ಅಂತ ತಲೆಯಾಡಿಸಿದರು. ಮೊಣಕಾಲಿಗೂ ಮೊಣಕೈಗೂ ಬೇಕಾದ ಪ್ಯಾಡುಗಳನ್ನು ಇಂದ್ರಾಣಿ ಸೇರಿಸಿದಳು.

ಕೈಗೆ ಕಸುವು ಬಂದು, ಡಾಕ್ಟರು ಆಗಬಹುದು ಅಂದ ಮೇಲೆಯೇ ರಾಹುಲ್ ಮತ್ತೆ ಗಾಡಿ ಹತ್ತಿದ್ದು. ಮೊದಲು ಹುಲ್ಲಿರುವ ಬಯಲಲ್ಲಿ ಬೀಳೋದನ್ನೇ ಅಭ್ಯಾಸ ಮಾಡಿದ. ಕೈಯನ್ನು ಕೋಲಿನ ಹಾಗೆ ನೆಟ್ಟಗೆ ಊರಬಾರದು, ಮೊಣಕೈ ಸ್ವಲ್ಪ ಬಾಗಿರಬೇಕು, ಮೊಣಕಾಲೂರಿ ಅಂಗೈ ಜಾರಲು ಬಿಡಬೇಕು ಅಂತ ಅಕ್ಕ ಹೇಳಿಕೊಟ್ಟಿದ್ದಳು. ಸಿದ್ದರಾಜುವೂ ತನ್ನ ಗಾರ್ಡ್ ಹಾಕಿಕೊಂಡು ಜೊತೆಗೆ ಬಿದ್ದು ಎದ್ದ. ದೂರದಲ್ಲಿ ಬೈಕ್ ನಿಲ್ಲಿಸಿ ನೋಡಿದ ಮಹದೇವಯ್ಯ ಗದ್ದೆ ಕಡೆ ಹೊರಟುಹೋದರು.

ಕೆಲವು ವಾರ ಕಳೆದಿರಬೇಕು. ಒಂದು ಸಂಜೆ ರಾಹುಲ್ ಮನೆ ಮುಂದಿನ ದಾರಿಗೆ ತಿರುಗಿದ. ಯಾವುದೋ ಗಾಡಿಯಿಂದ ಬಿದ್ದ ಜಲ್ಲಿಕಲ್ಲು ಚಕ್ರಕ್ಕೆ ಸಿಕ್ಕಿತು. ಹಸು ಕಟ್ಟುತ್ತಿದ್ದ ಮಹದೇವಯ್ಯನವರ ಕಣ್ಣೆದುರೇ ಮುಂದಕ್ಕೆ ಬಿದ್ದ. ಚರ್ ಅಂತ ಪ್ಲೇಟು ಡಾಂಬರನ್ನು ಉಜ್ಜಿದ ಸದ್ದು ಅವರಿಗೆ ಕೇಳಿಸಿತು. ಹಗ್ಗ ಬಿಟ್ಟು ಓಡಿದರು. ಕೊಟ್ಟಿಗೆ ಬಾಗಿಲಲ್ಲಿದ್ದ ಮಂಗಳಮ್ಮನವರಿಗೆ ಸದ್ದು ಕೇಳಿಸಿರಲಿಲ್ಲ, ಗಂಡ ಓಡಿದ್ದು ಕಂಡಿತ್ತು. ಅವರೂ ಹಿಂದೆಯೇ ಬಂದರು.

ಇಬ್ಬರೂ ಹತ್ತಿರ ಬರುವ ಮೊದಲೇ ರಾಹುಲ್ ಎದ್ದು ಕೂತಿದ್ದ. ಅವ್ವನ ಮುಖ ನೋಡಿ ಎರಡೂ ಕೈ ಎತ್ತಿ ಏನೋ ಹೇಳಿದ. ಮಂಗಳಮ್ಮ ಅಲ್ಲೇ ನಿಂತು ಉಸಿರು ಬಿಟ್ಟರು.

ಮಹದೇವಯ್ಯ ಮಗನ ಬಲಗೈ ಹಿಡಿದು, ಗಾರ್ಡ್ ಬಿಚ್ಚಿ, ಮಣಿಕಟ್ಟನ್ನು ಬಾಗಿಸಿ ನೋಡಿದರು. ಊತವಿರಲಿಲ್ಲ. ಪ್ಲೇಟಿನ ಉದ್ದಕ್ಕೂ ಆಳವಾದ ಗೀರು ಬಿದ್ದಿತ್ತು. ಅದರ ಮೇಲೆ ಹೆಬ್ಬೆರಳಾಡಿಸಿದರು.

"ಇದು ಮೂಳೆಗೆ ಬೀಳಬೇಕಾಗಿತ್ತು" ಅಂದರು ಮೆಲ್ಲಗೆ. ಆಮೇಲೆ ತಲೆ ಎತ್ತಿ ಕೇಳಿದರು, "ಈಗ ನಿಮ್ಮವ್ವಂಗೆ ಅದೇನ್ಲಾ ಏಳ್ದೆ? ಅವ್ಳು ನೋಡ್ತಿದ್ದಂಗೇ ಸುಧಾರಿಸ್ಕೊಂಡ್ಳು."

"ಏನೂ ಆಗಿಲ್ಲ, ಚೆನ್ನಾಗಿವ್ನಿ ಅಂದೆ."

"ನನಗೂ ತೋರ್ಸು ಅದ. ಯಾವಾಗ್ಲಾದ್ರೂ ಬೇಕಾಗುತ್ತೆ."

ರಾಹುಲ್ ದಾರಿ ಪಕ್ಕದಲ್ಲೇ ಕೂತು ತೋರಿಸಿದ. ಮಹದೇವಯ್ಯನವರ ಒರಟು ಕೈ ತಪ್ಪುತ್ತಾ ತಪ್ಪುತ್ತಾ ಅದನ್ನು ಹೆಂಡತಿಯ ಮುಂದೆ ಆಡಿತು. ಮಂಗಳಮ್ಮ ಹತ್ತಿರ ಬಂದು ಗಂಡನ ಬೆರಳು ಹಿಡಿದು ಸರಿಮಾಡಿದರು.

ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈಗಳನ್ನು ಒಂದು ಸಲ ನೋಡಿಕೊಳ್ಳಿ. ಹಾಲು ಕರೆಯೋದು, ಬಟ್ಟೆ ಹೊಲಿಯೋದು, ಯಂತ್ರ ತಿರುಗಿಸೋದು, ಮಗು ಎತ್ತಿಕೊಳ್ಳೋದು ಎಲ್ಲವೂ ಆ ಮಣಿಕಟ್ಟಿನ ಮೇಲೇ ನಿಂತಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಒಂಟಿ ಚಕ್ರದ ಗಾಡಿ ಓಡಿಸುತ್ತಿದ್ದರೆ ಹೆಲ್ಮೆಟ್ ಜೊತೆ ರಿಸ್ಟ್ ಗಾರ್ಡನ್ನೂ ಹಾಕಿಸಿ. ಚಂದ ನೋಡಿ ಕೊಳ್ಳಬೇಡಿ, ಅಂಗಡಿಯಲ್ಲೇ ಕೈಗೆ ಹಾಕಿ ನೋಡಿ ಕೊಳ್ಳಿ. ಅಂಗೈ ಜಾರಬೇಕು, ಮುಂಗೈಗೆ ಆಸರೆ ಇರಬೇಕು, ಬಿಗಿಯಾಗಿ ಕೂತರೂ ಬೆರಳು ಸಲೀಸಾಗಿ ಆಡಬೇಕು. ಪ್ಲೇಟು ಬಿರುಕು ಬಿಟ್ಟರೆ, ಬೆಲ್ಟು ಹಿಡಿಯದೇ ಹೋದರೆ ಬದಲಾಯಿಸಿ. ಗಾರ್ಡ್ ಇದೆ ಅಂತ ಜೋರಾಗಿ ಓಡಿಸಬೇಡಿ, ಯಾವ ಗಾರ್ಡೂ ಎಲ್ಲ ಪೆಟ್ಟನ್ನೂ ತಡೆಯಲ್ಲ. ಈ ಗಾಡಿಯನ್ನು ಯಾವ ದಾರಿಯಲ್ಲಿ ಓಡಿಸಬಹುದು ಅಂತ ಮೊದಲೇ ವಿಚಾರಿಸಿಕೊಳ್ಳಿ. ಬಿದ್ದು ಕೈ ಊದಿದರೆ ನೀವಿಸಬೇಡಿ, ಆಸ್ಪತ್ರೆಗೆ ಹೋಗಿ. ನಾಳೆ ಗಾಡಿ ಹತ್ತುವ ಮುಂಚೆ ಆ ಬೆಲ್ಟು ಬಿಗಿದುಕೊಳ್ಳಿ. ನಿಮ್ಮ ಕೈಯನ್ನು ನೆಚ್ಚಿಕೊಂಡು ಮನೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ.