ಒಳಗೆ ಬಿಟ್ಟ ಎರಡಿಂಚು

“ಉಸಿರು ಬಿಡಿ ಅಯ್ಯನವರೇ. ಹೀಗೆ ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ನನಗೆ ಸಿಗೋದು ಸುಳ್ಳು ಅಳತೆ.”

ಪಾದ್ರಿ ಉಸಿರು ಬಿಟ್ಟರು. ಟೈಲರ್ ಮಾಸ್ಟರ ಮಗಳ ಕೈಯಲ್ಲಿದ್ದ ಟೇಪು ಮೂರು ಬೆರಳು ಹಿಂದಕ್ಕೆ ಸರಿಯಿತು.

ಒಳಮನೆಯಲ್ಲಿ ಅವಳ ಅಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದರು. ಮುಂದಿನ ಕೋಣೆಯ ಟೈಲರ್ ಅಂಗಡಿಯಲ್ಲಿ ಪಾದ್ರಿ ಬನಿಯನ್ನಿನಲ್ಲಿ ನಿಂತಿದ್ದರು. ಆಗಿದ್ದಿಷ್ಟೆ: ಪೆಟ್ಟಿಗೆಯ ಪಕ್ಕ ಪ್ರಾರ್ಥನೆಗೆಂದು ಎರಡೂ ಕೈ ಮೇಲೆತ್ತಿದಾಗ ಅವರ ಕಪ್ಪು ಕೋಟಿನ ಬೆನ್ನು ಪರ್ರನೆ ಬಿಟ್ಟುಕೊಂಡಿತ್ತು. ಸಾವಿನ ಮನೆಯಲ್ಲಿ ನಗಬಾರದು, ಒಪ್ಪೋಣ. ಆದರೆ ನಗು ಹೇಳಿ ಕೇಳಿ ಬರುತ್ತದೆಯೇ? ಮೊದಲು ಅತ್ತೆ, ಅಂದರೆ ಸತ್ತವರ ಒಡಹುಟ್ಟಿದ ತಂಗಿಯೇ, ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಯಾರನ್ನು ಯಾರು ತಡೆಯುವುದು.

“ಹನ್ನೊಂದಕ್ಕೆ ಚರ್ಚಲ್ಲಿರಬೇಕಮ್ಮ,” ಅಂದರು ಪಾದ್ರಿ.

“ಇರ್ತೀರಿ. ಇದನ್ನ ಹೊಲಿದಿದ್ದು ಅಪ್ಪ. ಒಳಗೆ ಬಟ್ಟೆ ಇದ್ದೇ ಇರುತ್ತೆ.”

ಇರದೆ ಏನು? ಊರಿಗೆಲ್ಲ ಅವರು ಎರಡಿಂಚು ಮಾಸ್ಟರ್. ಯಾರಿಗೆ ಏನು ಹೊಲಿದರೂ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಡುತ್ತಿದ್ದರು. ಬಟ್ಟೆ ದಂಡ ಮಾಡಿದಿರಿ ಅಂತ ಜಗಳಕ್ಕೆ ಬಂದವರಿಗೆ ಒಂದೇ ಮಾತು: “ಮನುಷ್ಯ ಬೆಳೀತಾನೆ ಸ್ವಾಮಿ.” ಪೆಟ್ಟಿಗೆಯಲ್ಲಿ ತೊಟ್ಟ ಕೋಟನ್ನೂ ಹೋದ ತಿಂಗಳು ತಾವೇ ಹೊಲಿದಿಟ್ಟಿದ್ದರು. ಬೆಳಿಗ್ಗೆ ಅದನ್ನು ತೊಡಿಸುವಾಗ ಅತ್ತೆ, “ಒಂದು ಸುಕ್ಕಿಲ್ಲ ನೋಡು. ಇದೊಂದರಲ್ಲಾದರೂ ಅಣ್ಣ ಬಟ್ಟೆ ಉಳಿಸಿರ್ತಾನೆ. ಇನ್ನೆಲ್ಲಿ ಬೆಳೀತಾನೆ,” ಅಂದು ಅತ್ತಿದ್ದರು.

ಮಗಳು ಬ್ಲೇಡಿನಿಂದ ಪಾದ್ರಿಯ ಕೋಟಿನ ಹೊಲಿಗೆ ಬಿಚ್ಚತೊಡಗಿದಳು. “ಆ ಚೀಟಿ ನೋಡಿದ್ರಾ?” ಅಂದಳು ತಲೆಯೆತ್ತದೆ.

ಆರ್ಡರ್ ಚೀಟಿಗಳನ್ನು ಚುಚ್ಚುವ ಮೊಳೆಯಲ್ಲಿ ಎಲ್ಲಕ್ಕಿಂತ ಮೇಲಿನದು ಅಪ್ಪನ ಅಕ್ಷರದಲ್ಲಿತ್ತು. ‘ನನ್ನನ್ನು ಮಣ್ಣು ಮಾಡೋ ದಿನ ಓದಬೇಕಾದ್ದು: ದೇವರು ಮೊದಲ ಗಂಡು ಹೆಣ್ಣನ್ನು ತೋಟದಿಂದ ಹೊರಗೆ ಹಾಕಿದ ಅಧ್ಯಾಯ. ಪೂರ್ತಿ. ಮಗಳು ಓದಲಿ.’

“ನೋಡಿದೆ. ಆಗಲ್ಲ,” ಅಂದರು ಪಾದ್ರಿ. “ಅದರಲ್ಲಿ ಶಾಪ ಇದೆ, ಮುಳ್ಳು ಇದೆ, ಕೊನೆಗೆ ಬಾಗಿಲಿಗೆ ಬೆಂಕಿ ಕತ್ತಿ ಕಾವಲು. ಅತ್ತು ಬಂದವರಿಗೆ ಇದನ್ನಾ ಓದೋದು? ದೇವರೇ ನನ್ನ ಕುರುಬ ಅನ್ನೋ ಕೀರ್ತನೆ ಇದೆಯಲ್ಲ, ಎಲ್ಲರಿಗೂ ಬಾಯಿಪಾಠ.”

“ಓದ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೀನಿ.”

“ನಿಮ್ಮಪ್ಪ ಇಪ್ಪತ್ತೈದು ವರ್ಷ ನನ್ನ ತಲೆ ತಿಂದರು ಕಣಮ್ಮ,” ಅಂದರು ಪಾದ್ರಿ, ಪ್ರೀತಿಯಿಂದಲೇ. “ಜನ ಒಳ್ಳೊಳ್ಳೆ ಪುಟ ಓದ್ತಾರೆ. ಇವರು ನಾನು ಹಾರಿಸಿ ಹೋಗೋ ಪುಟಾನೇ ಹಿಡ್ಕೊಂಡು ಬರೋರು. ಪ್ರಳಯದ ಕಥೆ ಓದಿ ಏನಂದ್ರು ಗೊತ್ತಾ? ‘ಹಡಗಿನ ಬಾಗಿಲನ್ನ ದೇವರೇ ಮುಚ್ಚಿದ ಅಂತಿದೆ. ಒಳಗಿರೋರಿಗೆ ಮಳೆ ಹೊಡೀಬಾರದು ಅಂತ ತಾನೇ ಬಂದು ಬಾಗಿಲು ಹಾಕೋನು ಎಂಥವನು, ಹೇಳಿ.’ ‘ಮತ್ತೆ ಹೊರಗೆ ಮುಳುಗಿದವರು?’ ಅಂದೆ. ‘ಅದು ಇನ್ನೂ ಬಿಚ್ಚೋಕೆ ಬಂದಿಲ್ಲ’ ಅಂದ್ರು.”

ಮಗಳಿಗೆ ನಗು ಬಂತು. ತಮ್ಮ ಗ್ರಂಥದಲ್ಲಿ ಅರ್ಥವಾಗದ ಪುಟಕ್ಕೆ ಅಪ್ಪ ಗುಂಡುಸೂಜಿ ಚುಚ್ಚುತ್ತಿದ್ದರು. ಅರ್ಥವಾದ ಮೇಲೆ ಸೂಜಿ ತೆಗೆದು ಒಂದೆಳೆ ದಾರ ಇಡುತ್ತಿದ್ದರು. ಪ್ರಳಯದ ಪುಟದಲ್ಲಿ ಇವತ್ತಿಗೂ ಸೂಜಿಯೂ ಇದೆ, ದಾರವೂ ಇದೆ.

ಬೆನ್ನಿನ ಹೊಲಿಗೆ ಬಿಚ್ಚಿಕೊಂಡಿತು. ಮಾಸಿದ ಕೋಟಿನ ಒಳಗಿಂದ ಬಿಸಿಲು ಕಾಣದ ಎರಡಿಂಚು ಹೊಚ್ಚಹೊಸ ಕಪ್ಪು ಬಟ್ಟೆ ಹೊರಗೆ ಬಂತು. ಪಾದ್ರಿ ಅದನ್ನೇ ನೋಡಿದರು.

“ನಾನಾಗ ಕಡ್ಡಿ ಹಾಗಿದ್ದೆ. ಇಷ್ಟು ಬಟ್ಟೆ ಯಾಕೆ ಬಿಟ್ಟಿರಿ ಅಂತ ಬೈದಿದ್ದೆ. ‘ಚರ್ಚಿನ ಸಭೆಯವರ ಮನೆ ಊಟ ನೀವಿನ್ನೂ ಉಂಡಿಲ್ಲ’ ಅಂದಿದ್ರು.” ಆ ಹೊಸ ಬಟ್ಟೆಯ ಮೇಲೆ ಬೆರಳಾಡಿಸಿ ಹೇಳಿದರು: “ಸರಿ, ಓದು. ಆದ್ರೆ ಬರೀ ಓದಿ ಕೂತ್ಕೋಬೇಡ. ಈ ಅಧ್ಯಾಯ ಅವರಿಗೆ ಯಾಕೆ ಬೇಕಿತ್ತು ಅಂತ ನೀನೇ ಹೇಳು. ನನ್ನ ಹತ್ರ ಉತ್ತರ ಇಲ್ಲ.”

ಮಗಳು ಬ್ಲೇಡು ಕೆಳಗಿಟ್ಟು ಸೂಜಿಗೆ ದಾರ ಪೋಣಿಸಿದಳು. ಉತ್ತರ ಅವಳ ಹತ್ತಿರ ಇತ್ತು. ಅದನ್ನು ಹೇಳುವುದೆಂದರೆ ಊರೆದುರು ತಾನು ಸುಳ್ಳುಗಾತಿ ಅಂತ ಒಪ್ಪಿಕೊಳ್ಳುವುದು. ಅದೂ ಕಾಜಾ ಮಾಮನ ಎದುರಿಗೆ.

* * *

ಆಗ ಅವಳಿಗೆ ಹತ್ತೊಂಬತ್ತು. ಯಾರದೋ ಮದುವೆಯ ಕೋಟಿಗೆ ಇಸ್ತ್ರಿ ಇಟ್ಟು ಕಿಟಕಿಯಾಚೆ ಗೆಳತಿಯ ಜೊತೆ ಹರಟೆಗೆ ನಿಂತಳು. ತಿರುಗಿ ಬಂದಾಗ ಕೋಟಿನ ಎದೆಯ ಮೇಲೆ ಸುಟ್ಟ ಕಂದು ಕಲೆ. ಯಾರು ಮಾಡಿದ್ದು ಅಂತ ಅಪ್ಪ ಕೇಳಿದಾಗ ಬಾಯಿಗೆ ಬಂದ ಹೆಸರು ಕಾಜಾ ಮಾಮನದು. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುತ್ತಿದ್ದ, ಅವಳನ್ನು ಎತ್ತಿ ಆಡಿಸಿದ ಮನುಷ್ಯ. ಅವರು ತಮ್ಮ ಸೂಜಿ ಡಬ್ಬಿ ತೆಗೆದುಕೊಂಡು ಮನೆಗೆ ಹೋದರು.

ವಾರದ ಮೇಲೆ ಅಪ್ಪ ಆ ಕೋಟನ್ನು ಬೆಳಕಿಗೆ ಹಿಡಿದರು. “ಈ ಇಸ್ತ್ರಿ ಮೊನೆ ಎಡಗೈಯವರು ಇಟ್ಟ ಹಾಗೆ ತಿರುಗಿದೆ,” ಅಂದರು. ಮನೆಯಲ್ಲಿ ಎಡಚಿ ಅಂದರೆ ಅವಳೊಬ್ಬಳೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಅಪ್ಪ ಕಾಜಾ ಮಾಮನ ಮನೆಗೆ ಹೋಗಿ, ಇಸ್ತ್ರಿ ಇಟ್ಟವನು ನಾನೇ, ಮರೆತಿದ್ದೆ, ತಪ್ಪಾಯಿತು ಅಂದು ಕರೆತಂದರು. ಮಗಳಿಗೆ ಹೇಳಿದ್ದು ಬೇರೆ: “ನಿಮ್ಮತ್ತೆ ಊರಿಗೆ ಹೋಗು. ಅವಳ ಅಂಗಡೀಲಿ ಕೆಲಸ ಕಲಿ. ಇಲ್ಲಿ ಬೇಡ.”

ಹೊರಡುವ ಹಿಂದಿನ ದಿನ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆದರು. ಬಾಯಿ ತುಂಬ ಗುಂಡುಸೂಜಿ, ಹಾಗಾಗಿ ಮಾತಿಲ್ಲ. ಅತ್ತೆಯ ಊರು ಚಳಿಯ ಊರು. ಸಂಜೆಗೆ ದಪ್ಪ ಉಣ್ಣೆಯ ಕೋಟು ಸಿದ್ಧವಾಗಿತ್ತು. ಅಲ್ಲಿ ಮೂರು ಚಳಿಗಾಲ ಕಳೆದಳು, ಎರಡು ಸಲ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಂಡಳು. ಅಪ್ಪನ ಮೇಲಿನ ಕೋಪ ಮಾತ್ರ ಒಂದಿಂಚೂ ಕಡಿಮೆಯಾಗಲಿಲ್ಲ.

ಮರಳಿ ಬಂದ ಭಾನುವಾರ ಅಪ್ಪ ಗ್ರಂಥವನ್ನು ಅವಳ ಮುಂದೆ ತಳ್ಳಿದರು. “ಇದನ್ನ ನಲವತ್ತು ವರ್ಷ ಓದಿ ದೇವರ ಮೇಲೆ ಮುನಿಸ್ಕೊಂಡಿದ್ದೆ. ಒಂದು ಹಣ್ಣು ತಿಂದಿದ್ದಕ್ಕೆ ಮನೆ ಬಿಡಿಸೋದಾ ಅಂತ. ಈ ಸಾಲು ಕಂಡೇ ಇರಲಿಲ್ಲ. ಹೊರಗೆ ಕಳಿಸೋ ಮುಂಚೆ ಅವರಿಬ್ಬರಿಗೂ ಚರ್ಮದ ಅಂಗಿ ಮಾಡಿ ತೊಡಿಸಿದಾನೆ. ಎಲೆ ಹೊಲ್ಕೊಂಡು ನಿಂತಿದ್ರು ಪಾಪ, ಎಷ್ಟು ದಿನ ಬಾಳುತ್ತೆ ಅದು. ಚರ್ಮ ಹೊಲಿಯೋದು ಅಂದ್ರೆ ಆಟ ಅಲ್ಲ, ಸೂಜಿ ಮುರಿಯುತ್ತೆ. ಬರೀ ಕೋಪ ಬಂದವನು ಬಾಗಿಲು ತೋರಿಸ್ತಾನೆ. ಹೊಲಿಯೋಕೆ ಕೂರ್ತಾನಾ?”

“ನೀವು ಕೂತಿದ್ರಲ್ಲಪ್ಪ,” ಅಂದಳು ಮಗಳು.

ಅಪ್ಪ ಮಿಷನ್ನಿಗೆ ಎಣ್ಣೆ ಹಾಕುವ ನೆಪದಲ್ಲಿ ಎದ್ದುಹೋದರು.

* * *

ಚರ್ಚು ತುಂಬಿತ್ತು, ಕೂತವರಲ್ಲಿ ಅರ್ಧ ಜನ ಎರಡಿಂಚು ಮಾಸ್ಟರ್ ಹೊಲಿದದ್ದನ್ನೇ ತೊಟ್ಟಿದ್ದರು. ಮಗಳು ಅಧ್ಯಾಯ ಓದಿದಳು. ಶಾಪ ಬಂದಾಗ ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅಂಗಿಯ ಸಾಲಿನ ಹತ್ತಿರ ದಾರ ಇತ್ತು. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಕೊನೆಯ ತನಕ ಓದಿದಳು. ಆಮೇಲೆ ಗ್ರಂಥ ಮುಚ್ಚಿ, ಎರಡನೆಯ ಬೆಂಚಿನ ತುದಿಗೆ ಕೂತ ಕಾಜಾ ಮಾಮನನ್ನು ನೋಡಿದಳು.

“ಮಾಮ, ಆವತ್ತು ಕೋಟು ಸುಟ್ಟಿದ್ದು ಅಪ್ಪ ಅಲ್ಲ. ನಾನು. ನಿಮ್ಮ ಹೆಸರು ಹೇಳಿದ್ದೂ ನಾನೇ. ಅಪ್ಪ ನನ್ನನ್ನ ಮನೆಯಿಂದ ಕಳಿಸಿದ್ರು. ಕಳಿಸೋ ಮುಂಚೆ ಕೂತು ಕೋಟು ಹೊಲಿದ್ರು. ಅದಕ್ಕೇ ಅವರಿಗೆ ಈ ಅಧ್ಯಾಯ ಬೇಕಿತ್ತು. ನನ್ನನ್ನ ಕ್ಷಮಿಸಿ ಮಾಮ.”

ಕಾಜಾ ಮಾಮ ಕೋಲೂರಿ ನಿಧಾನವಾಗಿ ಎದ್ದರು.

“ಗೊತ್ತಿತ್ತು ಬಿಡಮ್ಮ. ನಿಮ್ಮಪ್ಪ ಜನ್ಮದಲ್ಲಿ ಇಸ್ತ್ರಿ ಮುಟ್ಟಿದವರಲ್ಲ. ನಾನೇ ಇಟ್ಟಿದ್ದೆ ಅಂತ ಬಂದು ನಿಂತಾಗ ನಗು ತಡೆಯೋಕೆ ನನಗೆ ಸಾಕುಬೇಕಾಗಿತ್ತು.” ಕಣ್ಣೊರೆಸಿಕೊಂಡರು. “ನೀನೇ ಹೇಳೋ ತನಕ ಬಾಯಿ ಬಿಡಬಾರದು ಅಂತ ಇದ್ದೆ. ತುಂಬ ಹೊತ್ತು ತಗೊಂಡೆ ನೀನು.”

ಮೊದಲು ನಕ್ಕವರು ಪಾದ್ರಿ. ಈ ಸಲ ಕೋಟು ತಡೆದುಕೊಂಡಿತು.

ಪೆಟ್ಟಿಗೆ ಮುಚ್ಚುವ ಮೊದಲು ಮಗಳು ಅಪ್ಪನ ಕೋಟು ಸರಿಮಾಡಲು ಬಗ್ಗಿದಳು. ಕೈಯ ಅಭ್ಯಾಸ, ಹೆಬ್ಬೆರಳು ಪಕ್ಕದ ಹೊಲಿಗೆಯ ಮೇಲೆ ಓಡಿತು. ನಿಂತಿತು. ಕಂಕುಳಿನಿಂದ ಕೆಳಗಿನ ಅಂಚಿನ ತನಕ ಇನ್ನೊಮ್ಮೆ ಓಡಿತು.

“ಅತ್ತೆ,” ಅಂದಳು, “ಅಪ್ಪ ಬಟ್ಟೆ ಉಳಿಸಿಲ್ಲ.”

ಅತ್ತೆ ಬಂದರು. ಮಗಳು ಅವರ ಕೈ ಹಿಡಿದು ಕೋಟಿನ ಮೇಲೆ ಇಟ್ಟಳು. ಅಸ್ತರಿನ ಒಳಗೆ, ಎರಡೂ ಪಕ್ಕದಲ್ಲಿ, ನೀಟಾಗಿ ಮಡಚಿ ಬಿಟ್ಟ ಎರಡಿಂಚು ಬಟ್ಟೆ ಬೆರಳಿಗೆ ದಪ್ಪಗೆ ಸಿಕ್ಕಿತು.